ಬಾತುಕೋಳಿ ಊರು ಬದಲಿಸಿದ್ದು

ಅಣ್ಣ ತಾನು ಮತ್ತೆ ಮದುವೆಯಾಗುತ್ತೇನೆ ಅಂತ ಹೇಳಿದಾಗ ಪುಟ್ಟಿ ಒಬ್ಬರ ಬಾಯೊಳಗೆ ಪುಟಾಣಿ ಕನ್ನಡಿ ಹಿಡಿದು ದವಡೆಯ ಹಲ್ಲು ನೋಡುತ್ತಿದ್ದಳು. ಕಾಯುವುದೆಂದರೆ ಅಣ್ಣನಿಗೆ ಆಗಿಬರದ ಕೆಲಸ. ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನೇ, ಗ್ರಂಥಾಲಯದವರನ್ನು ಮದುವೆಯಾಗುತ್ತಿದ್ದೇನೆ ಅಂದುಬಿಟ್ಟ. ಕುರ್ಚಿಯಲ್ಲಿ ಅಂಗಾತ ಮಲಗಿದ್ದವರು ಬಾಯಿ ತೆರೆದುಕೊಂಡೇ ಏನೋ ಶುಭ ಹಾರೈಸಿದರು. ಪುಟ್ಟಿ ಕೈಗವಸು ತೆಗೆದು, ಅಣ್ಣನ ಕೈ ಕುಲುಕಿ, ಹೊಸ ಕೈಗವಸು ಹಾಕಿಕೊಂಡು ಕೆಲಸ ಮುಂದುವರಿಸಿದಳು.

ಪುಟ್ಟಿ ಹಲ್ಲಿನ ಡಾಕ್ಟರು. ವಯಸ್ಸು ಐವತ್ತರ ಹತ್ತಿರ ಬಂದು ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದರೂ ಮನೆಯವರಿಗೆ ಪುಟ್ಟಿಯೇ. ಅವಳಿಗೂ ಒಮ್ಮೆ ಮದುವೆಯಾಗಿತ್ತು. ಇಬ್ಬರೂ ಒಳ್ಳೆಯವರೇ ಆಗಿದ್ದರಿಂದ ಹೆಚ್ಚು ಜಗಳವಿಲ್ಲದೆ ಬೇರೆಯಾದರು. ಅಣ್ಣ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುವಂಥ ಗಂಟಲು. ಆ ಗಂಟಲಿಗೆ ನಿವೃತ್ತಿ ಅನ್ನುವುದು ಗೊತ್ತೇ ಇರಲಿಲ್ಲ.

ಅಣ್ಣ ತಂಗಿಯನ್ನು ಒಂದುಗೂಡಿಸಿದ್ದು ಒಂದು ಹಾಯಿದೋಣಿ. ಯಾರೋ ಬಳಸಿ ಬಿಟ್ಟದ್ದನ್ನು ಇಬ್ಬರೂ ಸೇರಿ ಕೊಂಡಿದ್ದರು. ಅಗಲ ಹೊಟ್ಟೆ, ಗಿಡ್ಡ ಕತ್ತು, ನೀರಿನಲ್ಲಿ ಹೋಗುವಾಗ ಹಿಂಭಾಗ ಸ್ವಲ್ಪ ಆಡಿಸಿಕೊಂಡು ಹೋಗುವ ಸ್ವಭಾವ. ಹಾಗಾಗಿ ಅದಕ್ಕೆ ಬಾತುಕೋಳಿ ಅಂತಲೇ ಹೆಸರಿಟ್ಟರು. ಒಳಗೆ ಇಬ್ಬರು ಮೊಣಕಾಲು ಮಡಚಿ ಕೂರುವಷ್ಟು ಗೂಡು, ಒಂದು ಸ್ಟೌ, ಹಿಂದೆ ನೇತುಹಾಕಿದ ಒಂದು ಸಣ್ಣ ಎಂಜಿನ್ನು. ಭಾನುವಾರ ಬಂತೆಂದರೆ ಇಬ್ಬರೂ ಸಮುದ್ರದ ಮೇಲೆ. ಅಣ್ಣ ಚುಕ್ಕಾಣಿ ಹಿಡಿದು ಹಿಂದೆ ಕೂರುವವನು, ಪುಟ್ಟಿ ಮುಂದೆ ನಿಂತು ಹಗ್ಗ ಎಳೆಯುವವಳು. ಎಳಿ ಅಂದರೆ ಎಳೆಯಬೇಕು, ಬಿಡು ಅಂದರೆ ಬಿಡಬೇಕು, ತಲೆ ತಗ್ಗಿಸು ಅಂದರೆ ಯಾಕೆ ಅಂತ ಕೇಳುವ ಮೊದಲು ತಗ್ಗಿಸಬೇಕು, ಇಲ್ಲದಿದ್ದರೆ ಹಾಯಿಯ ಕೆಳಗಿನ ಅಡ್ಡಮರ ಬಂದು ತಾನೇ ತಗ್ಗಿಸುತ್ತದೆ. ಇಷ್ಟು ವರ್ಷ ಇಬ್ಬರಿಗೂ ಇದೇ ಸರಿ ಅನಿಸಿತ್ತು.

ಹೊಸ ಅತ್ತಿಗೆ ಬಹಳ ಒಳ್ಳೆಯ ಹೆಂಗಸು. ಒಂದೇ ತೊಂದರೆಯೆಂದರೆ ಅವರಿಗೆ ನೀರು ಆಗದು. ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಅವು ಏಳುತ್ತ ಇಳಿಯುತ್ತ ಇರುವುದನ್ನು ನೋಡಿದರೂ ಹೊಟ್ಟೆ ತೊಳಸುತ್ತದೆ. ಅವರ ಮನೆ ಊರಿನ ಮೇಲಿನ ದಿಬ್ಬದಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿಕೊಂಡಿತ್ತು. ಅಣ್ಣ ತನ್ನ ಟ್ರಂಕು ಎತ್ತಿಕೊಂಡು ಆ ಮನೆಗೆ ಹೋದ.

ಅದೇ ಹೊತ್ತಿಗೆ ಪುಟ್ಟಿಗೂ ಒಂದು ಕರೆ ಬಂದಿತ್ತು. ಕರಾವಳಿಯಲ್ಲೇ ಉತ್ತರಕ್ಕೆ, ಒಂದು ಉದ್ದನೆಯ ಭೂಶಿರ ದಾಟಿದ ಮೇಲೆ ಇನ್ನೊಂದು ಪುಟ್ಟ ಬಂದರು. ಅಲ್ಲಿಯ ಆಸ್ಪತ್ರೆಯಲ್ಲಿದ್ದ ಹಲ್ಲಿನ ಡಾಕ್ಟರು ಬಿಟ್ಟುಹೋಗಿ ತಿಂಗಳುಗಳೇ ಆಗಿದ್ದವು. ಬರುತ್ತೀರಾ ಅಂತ ಕೇಳಿದರು. ನೋಡಿಕೊಂಡು ಬರೋಣ ಅಂತ ಬಸ್ಸಿನಲ್ಲಿ ಹೋದಳು. ಇಲ್ಲಿ ಅವಳ ಕ್ಲಿನಿಕ್ಕಿನ ಕಿಟಕಿ ತೆರೆದರೆ ಪಕ್ಕದ ಗೋಡೌನಿನ ಗೋಡೆ. ಅಲ್ಲಿಯ ಕೋಣೆಯಲ್ಲಿ ಹಲ್ಲಿನ ಕುರ್ಚಿ ಕಿಟಕಿಗೆ ಮುಖ ಮಾಡಿತ್ತು. ಅದರಲ್ಲಿ ಮಲಗಿ ನೋಡಿದರೆ ಬಂದರಿನ ಹಾಯಿಕಂಬಗಳು ಕಾಣುತ್ತಿದ್ದವು. ಪುಟ್ಟಿ ಸ್ವಲ್ಪ ಹೊತ್ತು ಆ ಕುರ್ಚಿಯಲ್ಲಿ ಮಲಗಿ, ಎದ್ದು, ಬರುತ್ತೇನೆ ಅಂದು ವಾಪಸ್ಸು ಬಸ್ಸು ಹತ್ತಿದಳು.

ಆ ವಾರ ದಿಬ್ಬದ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಬಾತುಕೋಳಿಯನ್ನು ಮಾರುವ ಮಾತು ತೆಗೆದ. ತಾನು ಇಲ್ಲಿ, ಅವಳು ಅಲ್ಲಿ, ದೋಣಿ ಒಬ್ಬರ ಕೈಲಿ ಆಗುವ ಬಾಬತ್ತಲ್ಲ. ಇಟ್ಟುಕೊಂಡರೆ ನಿಂತಲ್ಲೇ ಪಾಚಿ ಕಟ್ಟುತ್ತದೆ ಅಂದ. ಪುಟ್ಟಿ ತಾನು ಅದನ್ನು ಹೊಸ ಊರಿಗೆ ತೆಗೆದುಕೊಂಡು ಹೋಗುತ್ತೇನೆ ಅಂದಳು. ಹಾಗಾದರೆ ಲಾರಿಗೆ ಹೇಳಬೇಕಾಯಿತು, ಕ್ರೇನೂ ಬೇಕಾಗುತ್ತದೆ ಅಂತ ಅಣ್ಣ ಆಗಲೇ ಮನಸ್ಸಿನಲ್ಲಿ ಲಾರಿ ತರಿಸಿ ನಿಲ್ಲಿಸಿದ.

"ಲಾರಿ ಬೇಡ. ಸಮುದ್ರದ ಮೇಲೇ ಹೋಗ್ತೀನಿ," ಅಂದಳು ಪುಟ್ಟಿ.

"ಯಾರು ನಡೆಸ್ತಾರೆ?"

"ನಾನು."

"ಜೊತೆಗೆ?"

"ಜೊತೆಗೆ ಯಾರೂ ಇಲ್ಲ."

ಅಣ್ಣ ನಕ್ಕ. ಕೆಟ್ಟ ನಗೆಯಲ್ಲ, ಮಕ್ಕಳು ಚಂದ್ರನ ಮೇಲೆ ಮನೆ ಕಟ್ಟುತ್ತೇನೆ ಅಂದಾಗ ನಗುತ್ತೇವಲ್ಲ, ಅಂಥದ್ದು. ಆದರೆ ಅತ್ತಿಗೆ ನಗಲಿಲ್ಲ. ಪುಟ್ಟಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ಯಾವಾಗ ಹೊರಡೋದು ಅಂತ ಕೇಳಿದರು.

ನಿಜ ಹೇಳಬೇಕೆಂದರೆ ಅಣ್ಣ ನಕ್ಕದ್ದರಲ್ಲಿ ಅರ್ಥವಿತ್ತು. ಇಷ್ಟು ವರ್ಷಗಳಲ್ಲಿ ಪುಟ್ಟಿ ಚುಕ್ಕಾಣಿ ಮುಟ್ಟಿದ್ದು ಅಣ್ಣ ಟೀ ಬಗ್ಗಿಸಿಕೊಳ್ಳುವಾಗ ಮಾತ್ರ. ಆಗಲೂ, ಅಲ್ಲಾಡಿಸಬೇಡ, ಸುಮ್ಮನೆ ಹಿಡಿದುಕೋ ಅಂತಲೇ ಅವನು ಹೇಳುತ್ತಿದ್ದದ್ದು. ದೋಣಿಯ ಮುಂಭಾಗ ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತು. ಹಿಂಭಾಗ ಅಣ್ಣನ ಸೀಮೆ.

ಅಣ್ಣನೇ ಕಲಿಸುವುದೆಂದು ಆಯಿತು. ಒಂದು ಷರತ್ತು: ಅವನು ಮುಂದೆ ಕೂರಬೇಕು, ಏನನ್ನೂ ಮುಟ್ಟಬಾರದು, ಬಾಯಿ ಬಿಡಬಾರದು. ಅಣ್ಣ ಒಪ್ಪಿಕೊಂಡ. ಧಕ್ಕೆ ಬಿಟ್ಟು ಇನ್ನೂ ದೋಣಿ ತಿರುಗಿರಲಿಲ್ಲ, ಎಡಕ್ಕೆ ಅಂದ. ಮತ್ತೆ ಬಾಯಿ ಮುಚ್ಚಿಕೊಂಡ. ಹಾಯಿ ಪಟಪಟ ಅಂದಾಗ ಕೆಮ್ಮಿದ. ಇನ್ನೂ ಪಟಪಟ ಅಂದಾಗ ಜೋರಾಗಿ ಕೆಮ್ಮಿದ. ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸುವ ಹೊತ್ತಿಗೆ ಅವನ ಕೆಮ್ಮು ಒಂದು ಭಾಷೆಯೇ ಆಗಿಹೋಗಿತ್ತು. ಎಳಿ ಅನ್ನುವುದಕ್ಕೊಂದು, ಬಿಡು ಅನ್ನುವುದಕ್ಕೊಂದು. ಪುಟ್ಟಿ ಮುಂದಿನ ಭಾನುವಾರ ಒಂದು ಪೊಟ್ಟಣ ಟಾಫಿ ತಂದಳು. ದವಡೆಗೆ ಅಂಟಿಕೊಂಡರೆ ಬಿಡದ, ತಾನು ದಿನಾ ಎಲ್ಲರಿಗೂ ತಿನ್ನಬೇಡಿ ಅಂತ ಹೇಳುವ ಜಾತಿಯ ಟಾಫಿ. ದೋಣಿ ಬಿಡುವ ಮೊದಲು ಅಣ್ಣನ ಬಾಯಿಗೆ ಒಂದು ಹಾಕುವಳು. ಉಪಾಯವೇನೋ ಚೆನ್ನಾಗಿತ್ತು, ಆದರೆ ಕೆಲವೇ ಸವಾರಿಗಳಲ್ಲಿ ಅಣ್ಣನ ಹಲ್ಲಿಗೆ ತುಂಬಿದ್ದ ಸಿಮೆಂಟು ಕಿತ್ತು ಬಂತು. ಅದನ್ನು ತುಂಬಿದವಳು ಅವಳೇ, ಮತ್ತೆ ತುಂಬಬೇಕಾದವಳೂ ಅವಳೇ. ಟಾಫಿ ನಿಂತಿತು.

ಬಾಯಿ ಹೇಗೋ ತಡೆಯಬಹುದು, ಕೈಯನ್ನು ತಡೆಯುವುದು ಕಷ್ಟ. ಒಂದು ದಿನ ಬಂದರಿನ ಬಾಯಲ್ಲಿ ಬೀಸಿದ ಗಾಳಿ ತಟ್ಟನೆ ದಿಕ್ಕು ಬದಲಿಸಿತು. ಪುಟ್ಟಿಗೆ ಅದು ಕಂಡಿತ್ತು. ನೀರಿನ ಮೇಲೆ ಕಪ್ಪು ಸುಕ್ಕುಗಳು ಓಡಿ ಬರುತ್ತಿದ್ದವು, ಅವಳು ಚುಕ್ಕಾಣಿಯನ್ನು ಆಗಲೇ ತಳ್ಳಲು ಶುರುಮಾಡಿದ್ದಳು. ಅಷ್ಟರಲ್ಲಿ ಅಣ್ಣ ಒಂದೇ ನೆಗೆತಕ್ಕೆ ಹಿಂದೆ ಬಂದು ಚುಕ್ಕಾಣಿ ಹಿಡಿದು ಎದುರು ದಿಕ್ಕಿಗೆ ಎಳೆದ. ಇಬ್ಬರ ಕೈಯಲ್ಲಿ ಸಿಕ್ಕ ಬಾತುಕೋಳಿ ಯಾರ ಮಾತನ್ನೂ ಕೇಳದೆ ನೆಟ್ಟಗೆ ಹೋಗಿ, ದಾರಿ ತೋರಿಸಲೆಂದು ನೀರಲ್ಲಿ ತೇಲಿಬಿಟ್ಟಿದ್ದ ಕೆಂಪು ಡ್ರಮ್ಮಿಗೆ ಢೀ ಕೊಟ್ಟಿತು. ಡ್ರಮ್ಮು ಗುಡಿಯ ಗಂಟೆಯ ಹಾಗೆ ಮೊಳಗಿತು. ಧಕ್ಕೆಯ ಮೇಲೆ ಬಲೆ ಹೊಲಿಯುತ್ತಿದ್ದವರೆಲ್ಲ ಎದ್ದು ನಿಂತರು.

ಪುಟ್ಟಿ ದೋಣಿಯನ್ನು ದಡಕ್ಕೆ ತಂದು ಕಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಣ್ಣ, ಇಳಿ. ಇನ್ನು ನೀನು ಬರೋದು ಬೇಡ."

ಅಣ್ಣ ಇಳಿದು, ಹಿಂದೆ ನೋಡದೆ ದಿಬ್ಬ ಹತ್ತಿಕೊಂಡು ಹೋದ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಮೌನವಾಗಿ ನಡೆದುಹೋದದ್ದು ನೋಡಿ ಪುಟ್ಟಿಗೆ ಕರುಳು ಚುರ್ ಅಂದಿತು. ಆದರೂ ಕೂಗಿ ಕರೆಯಲಿಲ್ಲ.

ಆ ವಾರವೆಲ್ಲ ಅಣ್ಣ ತಂಗಿ ಮಾತಿಲ್ಲ. ವಾರದ ಕೊನೆಗೆ ಕ್ಲಿನಿಕ್ಕಿಗೆ ಬಂದದ್ದು ಅತ್ತಿಗೆ. ಹಲ್ಲು ತೋರಿಸುವ ನೆಪ ಮಾಡಿದರು. ಹಲ್ಲು ಮುತ್ತಿನ ಹಾಗಿದ್ದವು. ಕುರ್ಚಿಯಿಂದ ಏಳುತ್ತ ಹೇಳಿದರು, ಅಣ್ಣ ಬೆಳಗ್ಗೆ ಎದ್ದು ಅಂಗಳಕ್ಕೆ ಹೋಗಿ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿ ನೋಡುತ್ತಾನೆ, ಒಳಗೆ ಬಂದು ಏನೂ ಹೇಳದೆ ಪೇಪರ್ ಓದುತ್ತಾನೆ, ಆಮೇಲೆ ಮತ್ತೆ ಹೋಗಿ ನೋಡುತ್ತಾನೆ.

"ನಾನು ಮುಳುಗಿಬಿಡ್ತೀನಿ ಅಂತ ಹೆದರಿಕೆಯಾ ಅವನಿಗೆ?" ಅಂತ ಕೇಳಿದಳು ಪುಟ್ಟಿ.

"ಅಯ್ಯೋ, ಅದಲ್ಲಮ್ಮ. ನೀನು ಕಲಿತುಬಿಟ್ರೆ ತನಗೇನು ಕೆಲಸ ಉಳೀತು ಅಂತ ಯೋಚನೆ."

ಅತ್ತಿಗೆ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಬ್ಬರೇ ಹಾಯಿದೋಣಿ ನಡೆಸುವುದು ಹೇಗೆ ಅಂತ ಯಾರೋ ಹಳೆಯ ನಾವಿಕ ಬರೆದದ್ದು. ಗ್ರಂಥಾಲಯದಲ್ಲಿ ಇಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲವಂತೆ. ತೆರೆದರೆ ಹಾಳೆಗಳು ಕಟಕಟ ಅಂದವು.

ಆಮೇಲೆ ಶುರುವಾದ ಪಾಠವನ್ನು ಆ ಬಂದರಿನವರು ಬಹಳ ದಿನ ಮರೆಯಲಿಲ್ಲ. ಪುಟ್ಟಿ ದೋಣಿಯಲ್ಲಿ ಒಬ್ಬಳೇ. ಅತ್ತಿಗೆ ಧಕ್ಕೆಯ ತುದಿಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು, ಹೊಟ್ಟೆ ತೊಳಸದಿರಲಿ ಅಂತ ಸಮುದ್ರಕ್ಕೆ ಬೆನ್ನು ಮಾಡಿ ಕೂತು, ಪುಸ್ತಕವನ್ನು ಗಟ್ಟಿಯಾಗಿ ಓದುವರು. ಬದುಕೆಲ್ಲ ಮೆತ್ತಗೆ ಮಾತಾಡಿ ಎಂದು ಬೋರ್ಡಿರುವ ಕೋಣೆಯಲ್ಲಿ ಕಳೆದವರಿಗೆ ಅಷ್ಟು ಗಂಟಲು ಎಲ್ಲಿತ್ತೋ ಗೊತ್ತಿಲ್ಲ. ಏನಾಗುತ್ತಿದೆ ಅಂತ ಅವರು ತಿರುಗಿ ನೋಡುವಂತಿಲ್ಲವಾದ್ದರಿಂದ ಪುಟ್ಟಿ ಕೂಗಿ, ಅತ್ತಿಗೆ, ಮುಂದಿನ ಪುಟ ಅನ್ನಬೇಕಿತ್ತು.

ಮೊದಲ ದಿನ ಹಿಂದಿನ ಹಗ್ಗ ಬಿಚ್ಚುವುದನ್ನೇ ಮರೆತಳು. ಬಾತುಕೋಳಿ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದು ಸುತ್ತು ಹಾಕಿ ಧಕ್ಕೆಗೇ ಮೂತಿ ಒತ್ತಿ ನಿಂತಿತು. ಇನ್ನೊಂದು ದಿನ ಹಾಯಿ ಏರಿಸಲು ಮುಂದೆ ಹೋದಾಗ ಹಿಂದೆ ಚುಕ್ಕಾಣಿ ತನ್ನ ಪಾಡಿಗೆ ತಿರುಗಿಕೊಂಡಿತು, ಹಿಂದೆ ಬಂದು ಚುಕ್ಕಾಣಿ ಸರಿಮಾಡಿದರೆ ಮುಂದೆ ಹಾಯಿ ಇಳಿದುಕೊಂಡಿತು. ಹೀಗೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಸುಸ್ತಾಗಿ ಕೂತಳು. ನೀರಿಗೆ ಬಿದ್ದವರನ್ನು ವಾಪಸ್ಸು ಎತ್ತಿಕೊಳ್ಳುವ ಪಾಠಕ್ಕೆ ಒಂದು ಪ್ಲಾಸ್ಟಿಕ್ ಕ್ಯಾನಿಗೆ ಟೋಪಿ ಕಟ್ಟಿ ಎಸೆಯುತ್ತಿದ್ದಳು. ಆ ಕ್ಯಾನಿಗೆ ಅಣ್ಣ ಅಂತ ಹೆಸರಿಟ್ಟಿದ್ದಳು. ಮೊದಮೊದಲು ಅಣ್ಣ ಬಹಳ ಸಲ ಸಮುದ್ರಪಾಲಾದ. ಒಂದು ಸಲ ಮೀನಿನ ದೋಣಿಯವರು ಹೆಕ್ಕಿ ತಂದುಕೊಟ್ಟು, ನಿಮ್ಮಣ್ಣ ಸಿಕ್ಕಿದ್ರು ಡಾಕ್ಟ್ರೇ ಅಂದರು.

ಈ ಓಡಾಟದ ಸುದ್ದಿ ದಿಬ್ಬದ ಮನೆಗೆ ತಲುಪಿಸಿದ್ದು ಅತ್ತಿಗೆಯೇ ಇರಬೇಕು. ಒಂದು ಬೆಳಗ್ಗೆ ಪುಟ್ಟಿ ಧಕ್ಕೆಗೆ ಬಂದಾಗ ಬಾತುಕೋಳಿಯ ಮೇಲೆ ಅಣ್ಣ ಬೋರಲು ಮಲಗಿ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದ. ಪಕ್ಕದಲ್ಲಿ ಸಣ್ಣ ಸಣ್ಣ ರಾಟೆಗಳು, ಹಗ್ಗ ಹಿಡಿದಿಡುವ ಕೊಕ್ಕೆಗಳು, ಒಂದು ಡಬ್ಬಿ ತಿರುಪು. ತಲೆ ಎತ್ತಲಿಲ್ಲ. ಹಾಯಿ ಏರಿಸುವ ಹಗ್ಗ, ಇಳಿಸುವ ಹಗ್ಗ, ಮಡಚುವ ಹಗ್ಗ ಎಲ್ಲವೂ ಇಷ್ಟು ದಿನ ಹಾಯಿಕಂಬದ ಬುಡದಲ್ಲಿದ್ದವು, ಪುಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ. ಅವುಗಳನ್ನೆಲ್ಲ ರಾಟೆಗಳ ಮೇಲೆ ಹಾಯಿಸಿ, ಚುಕ್ಕಾಣಿ ಹಿಡಿದು ಕೂತವರ ಕೈಗೆ ಎಟುಕುವ ಹಾಗೆ ಹಿಂದಕ್ಕೆ ತರುತ್ತಿದ್ದ. ಪುಟ್ಟಿ ಪಕ್ಕದಲ್ಲಿ ಕೂತು ತಿರುಪು ಕೊಟ್ಟಳು. ಸಂಜೆಯಾಗುವ ಹೊತ್ತಿಗೆ ಒಬ್ಬರು ಕೂತಲ್ಲಿಂದ ಏಳದೆ ಇಡೀ ದೋಣಿ ನಡೆಸಬಹುದಾಗಿತ್ತು.

"ಕೂತು ನೋಡು. ಕೈಗೆ ಸಿಗುತ್ತಾ?" ಅಂದ ಅಣ್ಣ.

ಅವಳು ಕೂತು, ಒಂದೊಂದೇ ಹಗ್ಗ ಹಿಡಿದು ನೋಡಿದಳು. ಸಿಗುತ್ತಿತ್ತು. ನೀಲಿ ಹಗ್ಗ ಮಾತ್ರ ಸ್ವಲ್ಪ ದೂರ ಅಂದಳು. ಅಣ್ಣ ಆ ಕೊಕ್ಕೆ ಬಿಚ್ಚಿ, ಅವಳ ತೋಳಿನ ಅಳತೆ ತೆಗೆದುಕೊಂಡು, ಇನ್ನಷ್ಟು ಹತ್ತಿರ ಕೂರಿಸಿದ. ಕೊರೆದ ತೂತು ಹಾಗೇ ಉಳಿಯಿತು. ಅದಕ್ಕೆ ಮೇಣ ತುಂಬಿದ. ಹಲ್ಲಿಗೆ ತುಂಬುವ ಹಾಗೆ ಅಲ್ವಾ ಅಂತ ಅವನೇ ಅಂದು, ಅವನೇ ನಕ್ಕ. ಮಾತು ಮತ್ತೆ ಶುರುವಾದದ್ದು ಹೀಗೆ.

ಹೊರಡುವ ದಿನ ಬೆಳಕು ಹರಿಯುವಾಗಲೇ ಮೂವರೂ ಧಕ್ಕೆಯಲ್ಲಿದ್ದರು. ಪುಟ್ಟಿಯ ಸಾಮಾನೆಲ್ಲ ಮುಂಚೆಯೇ ವ್ಯಾನಿನಲ್ಲಿ ಹೋಗಿತ್ತು. ದೋಣಿಯಲ್ಲಿದ್ದದ್ದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಕಾಫಿ, ಒಂದು ಜೊತೆ ಒಣ ಬಟ್ಟೆ, ಅವಳ ಹಲ್ಲಿನ ಸಾಮಾನಿನ ಪೆಟ್ಟಿಗೆ. ಅದನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು, ಸೊಂಟದ ಪಟ್ಟಿಯನ್ನು ದೋಣಿಯ ಕಬ್ಬಿಣದ ಬಳೆಗೆ ಸಿಕ್ಕಿಸಿಕೊಂಡಳು. ಅಣ್ಣನ ಯೋಜನೆ ಬೇರೆಯೇ ಇತ್ತು: ತಾನು ಮತ್ತು ಅತ್ತಿಗೆ ಕಾರಿನಲ್ಲಿ ಕರಾವಳಿಯ ರಸ್ತೆ ಹಿಡಿದು ಹೋಗುವುದು, ಭೂಶಿರದ ತುದಿಯಲ್ಲಿ ನಿಂತು ಕೆಂಪು ಮೇಜುಬಟ್ಟೆ ಬೀಸುವುದು, ಅದನ್ನು ಕಂಡು ಅವಳು ಕೈ ಬೀಸಿದರೆ ಎಲ್ಲ ಸರಿಯಿದೆ ಅಂತ ಲೆಕ್ಕ, ಆಮೇಲೆ ಅವಳಿಗಿಂತ ಮುಂಚೆ ಹೊಸ ಬಂದರಿಗೆ ಹೋಗಿ ಹಗ್ಗ ಹಿಡಿದುಕೊಳ್ಳಲು ನಿಲ್ಲುವುದು. ಇದನ್ನು ಅವನು ಎಷ್ಟು ಸಲ ಹೇಳಿದನೆಂದರೆ ಅತ್ತಿಗೆ ಮೇಜುಬಟ್ಟೆಯನ್ನು ಅವನ ಕುತ್ತಿಗೆಗೇ ಕಟ್ಟಿದರು.

ಬಂದರಿನ ಬಾಯಿ ದಾಟಿದ ಮೇಲೆ ಎಂಜಿನ್ನು ನಿಲ್ಲಿಸಿ ಹಾಯಿ ಏರಿಸಿದಳು. ಗಾಳಿ ಪಕ್ಕದಿಂದ ಹದವಾಗಿ ಬೀಸುತ್ತಿತ್ತು. ಬಾತುಕೋಳಿ ಒಂದು ಮಗ್ಗುಲಿಗೆ ವಾಲಿ, ಹಿಂಭಾಗ ಆಡಿಸಿಕೊಂಡು, ಅಲೆಗಳನ್ನು ಒಂದೊಂದಾಗಿ ತುಳಿಯುತ್ತ ಹೊರಟಿತು. ಸ್ವಲ್ಪ ಹೊತ್ತು ಪುಟ್ಟಿಗೆ ಕಿವಿ ಖಾಲಿಖಾಲಿ ಅನಿಸಿತು. ಏನೋ ಕಡಿಮೆಯಾಗಿದೆ. ಎಳಿ, ಬಿಡು, ತಗ್ಗು ಅಂತ ಯಾರೂ ಹೇಳುತ್ತಿಲ್ಲ. ಎಳೆಯಬೇಕು ಅನಿಸಿದಾಗ ಎಳೆದಳು. ಹಾಯಿ ಹೊಟ್ಟೆ ತುಂಬಿಕೊಂಡು ಸುಮ್ಮನಾಯಿತು. ಸರಿಯಾಗಿದೆ ಅಂತ ಹಾಯಿಯೇ ಹೇಳಿದ ಮೇಲೆ ಇನ್ಯಾರು ಹೇಳಬೇಕು ಅನಿಸಿ, ಚುಕ್ಕಾಣಿಗೆ ರಬ್ಬರ್ ಪಟ್ಟಿ ಬಿಗಿದು, ಒಂದು ಮೊಟ್ಟೆ ಸುಲಿದು ತಿಂದಳು. ಅಷ್ಟು ರುಚಿಯಾದ ಮೊಟ್ಟೆಯನ್ನು ಅವಳು ಆವರೆಗೆ ತಿಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭೂಶಿರ ಹತ್ತಿರ ಬಂತು. ಮೇಲೆ ಬಂಡೆಯ ಪಕ್ಕ ಕೆಂಪು ಬಟ್ಟೆ ಹಾರಾಡುತ್ತಿತ್ತು. ಪುಟ್ಟಿ ಒಂದು ಕೈ ಬೀಸಿದಳು. ಅದು ಹಾರಾಡುತ್ತಲೇ ಇತ್ತು. ಎರಡೂ ಕೈ ಬೀಸಿದಳು, ಟೋಪಿ ತೆಗೆದು ಬೀಸಿದಳು. ಅಣ್ಣನಿಗೆ ಕಾಣಲಿಲ್ಲವೇನೋ ಅಂತ ಎದ್ದು ನಿಂತು ಬೀಸಿದಳು. ಇನ್ನೂ ಹತ್ತಿರ ಹೋದಾಗ ಗೊತ್ತಾಯಿತು, ಅದು ಯಾರದೋ ಮನೆಯ ತಂತಿಯ ಮೇಲೆ ಒಣಹಾಕಿದ ಬೆಡ್‌ಶೀಟು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, ಅಷ್ಟೊತ್ತಿನಿಂದ ಕೈ ಬೀಸುವ ಈ ಅಪರಿಚಿತಳಿಗೆ ಏನು ಮಾಡುವುದೆಂದು ತೋಚದೆ, ಒದ್ದೆ ದಿಂಬಿನ ಚೀಲ ಬೀಸಿದಳು.

ನಗುತ್ತ ತಿರುಗಿದರೆ ಮುಂದಿನ ಸಮುದ್ರದ ಬಣ್ಣ ಬೇರೆಯಾಗಿತ್ತು. ಭೂಶಿರದ ಮರೆ ಮುಗಿದಲ್ಲಿ ಗಾಳಿ ಜೋರಾಗಿತ್ತು, ಅಲೆಗಳ ತಲೆ ಬೆಳ್ಳಗಾಗಿತ್ತು. ಬಾತುಕೋಳಿ ತೀರಾ ವಾಲಿತು. ಒಳಗೆ ಗೂಡಿನಲ್ಲಿ ಪಾತ್ರೆಗಳು ಉರುಳಿದವು. ಒಂದು ಅಲೆ ಪಕ್ಕದಿಂದ ಎದ್ದು ಅವಳ ತೊಡೆಯ ಮೇಲೆ ಕೂತು ಹೋಯಿತು. ಅಣ್ಣ ಇದ್ದಿದ್ದರೆ ಅಂತ ಒಂದು ಸಲ ಅನಿಸಿತು, ಇಲ್ಲವೆಂದಲ್ಲ. ಆದರೆ ಕೈಗಳು ಅಷ್ಟರಲ್ಲಿ ಕೆಲಸ ಶುರುಮಾಡಿದ್ದವು. ದೋಣಿಯ ಮುಂಭಾಗದ ಸಣ್ಣ ಹಾಯಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಚುಕ್ಕಾಣಿಯನ್ನು ಪಕ್ಕಕ್ಕೆ ಕಟ್ಟಿದಳು. ಅತ್ತಿಗೆ ಬೆನ್ನು ಮಾಡಿ ಕೂತು ಎಷ್ಟೋ ಸಲ ಓದಿದ ಪುಟ ಅದು. ಕುಣಿಯುತ್ತಿದ್ದ ದೋಣಿ ಎರಡು ಸಲ ತಲೆ ಕೊಡವಿ, ಗಾಳಿಗೆ ಭುಜ ಕೊಟ್ಟು, ಹಟ ಬಿಟ್ಟ ಮಗುವಿನ ಹಾಗೆ ತಣ್ಣಗೆ ನಿಂತಿತು. ಗಾಳಿ ಅಷ್ಟೇ ಇತ್ತು, ಅಲೆಯೂ ಅಷ್ಟೇ ಇತ್ತು, ಆದರೆ ಬಾತುಕೋಳಿ ಅದರ ನಡುವೆ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಪುಟ್ಟಿ ನೀಲಿ ಹಗ್ಗ ಎಳೆದು ದೊಡ್ಡ ಹಾಯಿಗೆ ಒಂದು ಮಡಿಕೆ ಹಾಕಿ ಚಿಕ್ಕದು ಮಾಡಿದಳು. ಕೂತಲ್ಲಿಂದ ಏಳಬೇಕಾಗಲಿಲ್ಲ. ಒದ್ದೆ ಬಟ್ಟೆ ಬದಲಿಸಿ, ಕಾಫಿ ಕುಡಿದು, ಮತ್ತೆ ಹೊರಟಳು.

ಹೊಸ ಬಂದರಿನ ಬಾಯಿ ಕಿರಿದು. ಒಳಗೆ ಬರುವಾಗ ಎಂಜಿನ್ನು ಹಾಕೋಣವೆಂದು ಹಗ್ಗ ಎಳೆದರೆ ಅದು ಉಸಿರೆತ್ತಲಿಲ್ಲ. ಇನ್ನೊಮ್ಮೆ ಎಳೆದಳು, ಬೈದು ಎಳೆದಳು, ಬೇಡಿಕೊಂಡು ಎಳೆದಳು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿಯ ತಿರುಪು ತಾನೇ ಮುಚ್ಚಿಟ್ಟದ್ದು ಅವಳಿಗೆ ಹೊಳೆದದ್ದು ಮಾರನೆಯ ದಿನ. ಆಗ ಹೊಳೆದದ್ದು ಒಂದೇ: ಹಾಯಿಯ ಮೇಲೆಯೇ ಒಳಗೆ ಹೋಗಿ ಧಕ್ಕೆ ಹಿಡಿಯಬೇಕು. ಗಾಳಿಯೋ ಧಕ್ಕೆಯಿಂದ ಹೊರಕ್ಕೆ ತಳ್ಳುತ್ತಿತ್ತು. ಅಣ್ಣನಿಗಾಗಿ ನೋಡಿದಳು. ಅಣ್ಣ ಇರಲಿಲ್ಲ. ಕತ್ತಿಗೆ ಮಫ್ಲರು ಸುತ್ತಿ, ಅದನ್ನು ತಲೆಯ ಮೇಲೆ ತಂದು ಗಂಟು ಹಾಕಿದ ಒಬ್ಬ ದಪ್ಪ ಮನುಷ್ಯ ನಿಂತಿದ್ದ. ಅವನು ಕೈ ಬೀಸಿ ಏನೋ ಹೇಳುತ್ತಿದ್ದ, ಒಂದಕ್ಷರ ಕೇಳಲಿಲ್ಲ.

ಮೊದಲ ಸಲ ವೇಗ ಹೆಚ್ಚಾಯಿತು. ಧಕ್ಕೆ ಅವಳ ಪಕ್ಕದಲ್ಲೇ ಸರ್ರನೆ ಓಡಿಹೋಯಿತು. ಮಫ್ಲರಿನವನೂ ಜೊತೆಗೆ ಓಡಿ ನಿಂತ. ಬಂದರಿನೊಳಗೇ ಒಂದು ಸುತ್ತು ಹಾಕಿದಳು. ಎರಡನೇ ಸಲ ನಿಧಾನವಾಯಿತು, ಹಗ್ಗ ಎಸೆದರೆ ನೀರಿಗೆ ಬಿತ್ತು, ಗಾಳಿ ಅವಳನ್ನು ವಾಪಸ್ಸು ತಳ್ಳಿಕೊಂಡು ಹೋಯಿತು. ಆ ಹೊತ್ತಿಗೆ ಐಸ್ ಕಾರ್ಖಾನೆಯವರು, ಬಲೆ ತೊಳೆಯುವವರು, ಯಾವುದೋ ಹೋಟೆಲಿನ ಅಡುಗೆಯವರು ಎಲ್ಲ ಸಾಲಾಗಿ ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ, ಪುಣ್ಯ. ಮೂರನೇ ಸಲ ಹಾಯಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಗಾಳಿಗೆ ಮೂತಿ ಕೊಡುತ್ತ ಬಂದಳು. ಬಾತುಕೋಳಿಯ ಓಟ ಕಡಿಮೆಯಾಗುತ್ತ ಆಗುತ್ತ, ಧಕ್ಕೆಗೆ ಒಂದು ತೋಳಿನಷ್ಟು ದೂರದಲ್ಲಿ ಪೂರ್ತಿ ನಿಂತಿತು. ಪುಟ್ಟಿ ಹಗ್ಗವನ್ನು ಎಸೆಯಬೇಕಾಗಲಿಲ್ಲ, ಮಫ್ಲರಿನವನ ಕೈಗೆ ಕೊಟ್ಟಳು.

ಆತ ಬಂದರಿನ ಮೇಲ್ವಿಚಾರಕ. ಹಗ್ಗ ಕಟ್ಟಿ, ಮಫ್ಲರಿನೊಳಗಿಂದ ಏನೋ ಗೊಣಗಿದ. ಬೇರೆ ಯಾರಿಗಾದರೂ ಅದು ಗುಳುಗುಳು ಅಂತ ಕೇಳಿಸುತ್ತಿತ್ತು. ಪುಟ್ಟಿಗೆ ಮಾತ್ರ, ಬನ್ನಿ, ಸುಸ್ತಾಗಿರಬೇಕು, ಚಹಾ ಕುಡೀರಿ ಅಂತ ಸ್ಪಷ್ಟವಾಗಿ ಕೇಳಿಸಿತು. ಬಾಯಿ ತುಂಬ ಹತ್ತಿ ಇಟ್ಟುಕೊಂಡವರ ಜೊತೆ ಇಷ್ಟು ವರ್ಷ ಮಾತಾಡಿದವಳಲ್ಲವೇ. "ಎಡಗಡೆ ಕೆಳಗಿನ ದವಡೇನಾ? ಎಷ್ಟು ದಿನದಿಂದ ನೋವು?" ಅಂತ ಕೇಳಿದಳು. ಆತನ ಕಣ್ಣಲ್ಲಿ ನೀರು ಬಂತು, ನೋವಿಗೋ ಸಮಾಧಾನಕ್ಕೋ.

ಅಣ್ಣ ಬಂದದ್ದು ಹೊತ್ತು ಮುಳುಗುವಾಗ. ಭೂಶಿರದ ರಸ್ತೆ ರಿಪೇರಿಗೆ ಮುಚ್ಚಿತ್ತಂತೆ. ಕಾರು ಬಿಟ್ಟು ಬೆಟ್ಟ ಹತ್ತಿ ತುದಿಗೆ ಹೋಗಿ, ಒಂದು ಹಾಯಿ ಕಂಡದ್ದೇ ತಡ ಕೆಂಪು ಬಟ್ಟೆ ಬೀಸಿದನಂತೆ. ಅದು ಬಾತುಕೋಳಿಯಲ್ಲ, ಯಾರೋ ಮೀನುಗಾರರದ್ದು. ಯಾರೋ ಅಪಾಯದಲ್ಲಿದ್ದಾರೆ ಅಂತ ಅವರು ಬಲೆ ಕತ್ತರಿಸಿ ಹಾಕಿ ಬಂಡೆಯ ಕೆಳಗೆ ಬಂದು, ಏನಾಗಿದೆ ಅಂತ ಕೂಗಿ ಕೇಳಿದರಂತೆ. ಅವರಿಗೆ ಸಮಾಧಾನ ಹೇಳಿ, ಬೈಸಿಕೊಂಡು, ಇಳಿದು, ದಾರಿ ತಪ್ಪಿ, ಬರುವಷ್ಟರಲ್ಲಿ ಇಷ್ಟು ಹೊತ್ತು. ಇದನ್ನೆಲ್ಲ ಹೇಳಿದ್ದು ಅತ್ತಿಗೆ. ಅಣ್ಣ ಮೇಲ್ವಿಚಾರಕನ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಒಳಗೆ ಮರದ ಬೆಂಚಿನ ಮೇಲೆ ಒಬ್ಬ ದಪ್ಪ ಮನುಷ್ಯ ಮಲಗಿದ್ದ, ತಂಗಿ ಟಾರ್ಚು ಹಿಡಿದು ಅವನ ಬಾಯೊಳಗೆ ಇಣುಕುತ್ತಿದ್ದಳು. ಅವಳ ಕೂದಲೆಲ್ಲ ಉಪ್ಪು ಹಿಡಿದು ನೆಟ್ಟಗೆ ನಿಂತಿತ್ತು.

"ಭೂಶಿರ ದಾಟುವಾಗ ಗಾಳಿ ಇತ್ತಾ?" ಅಂದ ಅಣ್ಣ.

"ಇತ್ತು. ಒಂದು ಮಡಿಕೆ ಹಾಕಿದೆ."

"ನಾನಾಗಿದ್ರೆ ಇನ್ನೂ ಸ್ವಲ್ಪ ಹೊತ್ತು ಕಾಯ್ತಿದ್ದೆ."

"ಗೊತ್ತು," ಅಂದಳು ಪುಟ್ಟಿ. "ಕಾಯ್ದು ಪೂರ್ತಿ ಒದ್ದೆಯಾಗ್ತಿದ್ದೆ."

ಅಣ್ಣ ಹೊರಗೆ ಹೋಗಿ ಬಾತುಕೋಳಿಯನ್ನು ಕಟ್ಟಿದ ಹಗ್ಗಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದ. ಒಂದನ್ನೂ ಬಿಚ್ಚಿ ಕಟ್ಟಲಿಲ್ಲ. ಆಮೇಲೆ ಧಕ್ಕೆಯ ಕಲ್ಲಿನ ಮೇಲೆ ಕೂತು ಮೇಜುಬಟ್ಟೆಯಿಂದ ಮುಖ ಒರೆಸಿಕೊಂಡ. ಅತ್ತಿಗೆ ಸಮುದ್ರಕ್ಕೆ ಬೆನ್ನು ಮಾಡಿ ಅವನ ಪಕ್ಕ ಕೂತರು.

ಮಾರನೆಯ ದಿನ ಆಸ್ಪತ್ರೆಯ ಕಿಟಕಿಯ ಮುಂದಿನ ಕುರ್ಚಿಯಲ್ಲಿ ಮೊದಲು ಮಲಗಿದವನು ಮೇಲ್ವಿಚಾರಕ. ಕೊಳೆತ ದವಡೆ ಹಲ್ಲು, ಬೇರು ಎರಡು ಕವಲು; ಬಹಳ ಒದ್ದಾಡಿಸಿ ಬಂತು. ಊತ ಇಳಿದು ಮಫ್ಲರು ಬಿಚ್ಚಿದ ಮೇಲೆ ಗೊತ್ತಾಯಿತು, ಊರಿನಲ್ಲೇ ಅಷ್ಟು ಮಾತಿನ ಮನುಷ್ಯ ಇನ್ನೊಬ್ಬನಿಲ್ಲ ಅಂತ. ತಿಂಗಳುಗಟ್ಟಲೆ ಒಳಗೆ ಸೇರಿಸಿಟ್ಟುಕೊಂಡ ಮಾತೆಲ್ಲ ಹೊರಗೆ ಬರತೊಡಗಿತು, ಅದರಲ್ಲಿ ಹೆಚ್ಚಿನದು ಹೊಸ ಹಲ್ಲಿನ ಡಾಕ್ಟರು ಬಂದ ಕಥೆ. ಮೊದಲ ವಾರ ಡಾಕ್ಟರು ಜೋರು ಗಾಳಿಯಲ್ಲಿ ಒಬ್ಬರೇ ಬಂದಿದ್ದರು. ಎರಡನೇ ವಾರ ಅದು ಬಿರುಗಾಳಿಯಾಯಿತು. ಆಮೇಲಾಮೇಲೆ ಅಲೆಗಳು ಐಸ್ ಕಾರ್ಖಾನೆಯ ಹೆಂಚಿನವರೆಗೆ ಎದ್ದವು, ಡಾಕ್ಟರು ಒಂದು ಕೈಯಲ್ಲಿ ಚುಕ್ಕಾಣಿ, ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು ಬಂದರು. ಪುಟ್ಟಿ ಮೊದಮೊದಲು ತಿದ್ದುತ್ತಿದ್ದಳು. ಮೂರು ಸಲ ಸುತ್ತಿದೆ, ಎರಡು ಸಲ ತಪ್ಪಿದೆ, ಅಷ್ಟೇ ಅನ್ನುವಳು. ಯಾರೂ ನಂಬುತ್ತಿರಲಿಲ್ಲ, ಡಾಕ್ಟರಿಗೆ ವಿನಯ ಜಾಸ್ತಿ ಅನ್ನುತ್ತಿದ್ದರು. ಹಲ್ಲಿನಲ್ಲಿ ಹಗ್ಗ ಕಚ್ಚಬಾರದು, ಹಲ್ಲು ಹಾಳಾಗುತ್ತೆ ಅನ್ನುವುದನ್ನು ಮಾತ್ರ ಕೊನೆಯವರೆಗೂ ತಿದ್ದಿದಳು.

ಮುಂದೊಂದು ಭಾನುವಾರ ಅಣ್ಣ ಒಬ್ಬನೇ ಬಸ್ಸಿನಲ್ಲಿ ಬಂದ. ಧಕ್ಕೆಯಲ್ಲಿ ಮೇಲ್ವಿಚಾರಕನ ಕೈಗೆ ಸಿಕ್ಕಿ ಇಡೀ ಕಥೆ ಕೇಳಿ, ಪುಟ್ಟಿ ಬರುವ ಹೊತ್ತಿಗೆ ಅವನೂ ನಡುನಡುವೆ ಸೇರಿಸುತ್ತಿದ್ದ: ಭೂಶಿರದ ತುದಿಯಲ್ಲಿ ನಿಂತು ತಾನು ಕಣ್ಣಾರೆ ಕಂಡೆ, ಅಬ್ಬಬ್ಬಾ, ಏನು ಗಾಳಿ ಅದು ಅನ್ನುತ್ತಿದ್ದ. ಪುಟ್ಟಿ ಅವರಿಬ್ಬರನ್ನೂ ದಾಟಿ ಹೋಗಿ ದೋಣಿ ಹತ್ತಿದಳು. ಬರ್ತೀಯಾ ಅಂತ ಅಣ್ಣನನ್ನು ಕೇಳಿದಳು. ಅವನು ಕಥೆಯ ಮಧ್ಯದಲ್ಲಿದ್ದ, ಅಲೆ ಆಗಷ್ಟೇ ಹೆಂಚು ಮುಟ್ಟಿತ್ತು. ನೀನು ಒಂದು ಸುತ್ತು ಹೋಗಿ ಬಾ, ಅಷ್ಟರಲ್ಲಿ ಇವರಿಗೆ ಇದನ್ನ ಹೇಳಿ ಮುಗಿಸ್ತೀನಿ ಅಂದ.

ಪುಟ್ಟಿ ಮುಂದಿನ ಹಗ್ಗ ಬಿಚ್ಚಿದಳು, ಹಿಂದಿನದನ್ನೂ ಬಿಚ್ಚಿದಳು. ಗಾಳಿ ದಕ್ಷಿಣದಿಂದ ಮೆಲ್ಲಗೆ ಬೀಸುತ್ತಿತ್ತು.